ಉಮೇದುವಾರರೂ ಅಂಗೈಯೊಳಗಿನ ಡಂಗುರವೂ

ಚುನಾವಣೆಯ ಕಾಲದಲ್ಲಿ ಬಾಗಿಲಿಗೆ ಬರುವ ಹಸ್ತಪತ್ರಿಕೆಯನ್ನು ನಮ್ಮ ಗೃಹಸ್ಥರಲ್ಲಿ ಅನೇಕರು ಓದುವರು. ಆದರೆ ಅದರ ಅಡಿಯಲ್ಲಿರುವ ಸಣ್ಣ ಅಕ್ಷರಗಳನ್ನು ಓದುವವರು ವಿರಳ. ಅಚ್ಚು ಹಾಕಿದವರ ಮತ್ತು ಪ್ರಕಟಿಸಿದವರ ಹೆಸರು, ವಿಳಾಸಗಳು ಅಲ್ಲಿ ಇರತಕ್ಕದ್ದೆಂದು 1951 ನೆಯ ಇಸವಿಯ ಜನತಾ ಪ್ರಾತಿನಿಧ್ಯ ಕಾಯಿದೆಯ 127-ಎ ಕಲಮು ವಿಧಿಸಿದೆ. ತಪ್ಪಿದವರಿಗೆ 6 ತಿಂಗಳವರೆಗೆ ಸೆರೆವಾಸ, ಇಲ್ಲವೆ 2000 ರೂಪಾಯಿಗಳವರೆಗೆ ದಂಡ, ಇಲ್ಲವೆ ಎರಡೂ. ಮುದ್ರಣಕ್ಕೆ ಹೆಸರಾದ ಗದಗಿನಲ್ಲಿ ಈ ನಿಯಮವನ್ನರಿಯದ ಅಚ್ಚುಕೂಟದವರು ಇರಲಾರರು. ಆಡಿದ ಮಾತಿಗೆ ಹೊಣೆಗಾರನೊಬ್ಬನು ಇರಬೇಕೆಂಬದೇ ಈ ಕಲಮಿನ ತಿರುಳು.

ಈಗಲಾದರೋ ಬೆಟಗೇರಿಯ ನೇಕಾರರ ಓಣಿಯಲ್ಲಿಯೂ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಅಂಗಡಿಕಟ್ಟೆಗಳ ಮೇಲೆಯೂ ಉಮೇದುವಾರರ ಸುದ್ದಿಯು ಕಾಗದಕ್ಕಿಂತ ಮೊದಲು ಮೊಬೈಲಿನಲ್ಲಿ ಬಂದಿರುತ್ತದೆ. ಫೇಸ್‌ಬುಕ್, ಯೂಟ್ಯೂಬ್, ಎಕ್ಸ್ ಮೊದಲಾದ ಜಾಲತಾಣಗಳು ಅಚ್ಚುಕೂಟವೂ ಹೌದು, ಡಂಗುರದವನೂ ಹೌದು, ಟಪಾಲಿನವನೂ ಹೌದು. ಹಳೆಯ ಡಂಗುರದವನು ಎಲ್ಲ ಓಣಿಗಳಲ್ಲಿಯೂ ಒಂದೇ ಮಾತನ್ನು ಸಾರುತ್ತಿದ್ದನು. ಈ ಹೊಸಬನಾದರೋ ಯಾರ ಮನೆಯ ಮುಂದೆ ಯಾವ ಮಾತನ್ನು ಎತ್ತರದ ದನಿಯಲ್ಲಿ ಸಾರಬೇಕು, ಯಾವದನ್ನು ಹೇಳದೆ ಬಿಡಬೇಕು ಎಂಬದನ್ನು ತಾನೇ ನಿಶ್ಚಯಿಸುವನು. ಮನಸ್ಸು ಬಂದರೆ ಉಮೇದುವಾರನ ಖಾತೆಯನ್ನೇ ಮುಚ್ಚಲೂ ಬಲ್ಲನು. ಇಂಥವನಿಗೆ ನಿಯಮವು ಬೇಡವೇ?

ನಮ್ಮ ಚುನಾವಣಾ ಆಯೋಗವು ಸುಮ್ಮನೆ ಕುಳಿತಿಲ್ಲ. ಉಮೇದುವಾರನು ತನ್ನ ಜಾಲತಾಣದ ಖಾತೆಗಳನ್ನು ಪ್ರಮಾಣಪತ್ರದಲ್ಲಿ ತಿಳಿಸಬೇಕು, ಅಲ್ಲಿ ಕೊಡುವ ಜಾಹೀರಾತಿಗೆ ಮುಂಚಿತವಾಗಿ ಒಪ್ಪಿಗೆ ಪಡೆಯಬೇಕು, ಅದರ ವೆಚ್ಚವನ್ನು ಚುನಾವಣೆಯ ಲೆಕ್ಕದಲ್ಲಿ ತೋರಿಸಬೇಕು ಎಂದು 2013 ನೆಯ ಇಸವಿಯ ಅಕ್ಟೋಬರ 25 ರಂದು ಅದು ಸೂಚಿಸಿತು. ಈ ಲೆಕ್ಕಕ್ಕೆ ಮಿತಿಯೂ ಉಂಟು: 2022 ರಲ್ಲಿ ಗೊತ್ತುಪಡಿಸಿದಂತೆ ಕರ್ನಾಟಕದಲ್ಲಿ ವಿಧಾನಸಭೆಗೆ 40 ಲಕ್ಷ, ಲೋಕಸಭೆಗೆ 95 ಲಕ್ಷ ರೂಪಾಯಿ. ಬಳಿಕ 2019 ರ ಮಾರ್ಚ್ ತಿಂಗಳಲ್ಲಿ ಜಾಲತಾಣದ ಕಂಪನಿಗಳು ತಾವಾಗಿಯೇ ಒಂದು ನೀತಿಸಂಹಿತೆಯನ್ನು ಒಪ್ಪಿಕೊಂಡವು. ಮತದಾನದ ಹಿಂದಿನ 48 ತಾಸುಗಳ ಮೌನಕಾಲವನ್ನು ಮೀರಿದ ಪ್ರಚಾರವನ್ನು, ಆಯೋಗವು ತಿಳಿಸಿದ 3 ತಾಸುಗಳೊಳಗೆ ತೆಗೆಯುವದಾಗಿ ಅವು ಮಾತುಕೊಟ್ಟವು. ಆದರೆ ಇದು ಕೇವಲ ಕೊಟ್ಟ ಮಾತು; ಕಾಯಿದೆಯಲ್ಲ.

ಕೊಟ್ಟ ಮಾತಿನ ಬಲವೆಷ್ಟೆಂಬದು 2024 ರಲ್ಲಿ ಕಂಡುಬಂದಿತು. ಈ ನಾಲ್ಕೂ ಊರುಗಳನ್ನೊಳಗೊಂಡ ಹಾವೇರಿ ಲೋಕಸಭಾ ಕ್ಷೇತ್ರದಲ್ಲಿ ಆ ವರುಷ ಮೇ 7 ರಂದು ಮತದಾನವು ನಡೆಯಿತು. ಅದಕ್ಕೆ 3 ದಿನ ಮೊದಲು ಭಾರತೀಯ ಜನತಾ ಪಕ್ಷದ ಕರ್ನಾಟಕ ಶಾಖೆಯು ಎಕ್ಸ್ ತಾಣದಲ್ಲಿ ಪ್ರಕಟಿಸಿದ ಒಂದು ಚಲಿಸುವ ವ್ಯಂಗ್ಯಚಿತ್ರದ ಮೇಲೆ ಕಾಂಗ್ರೆಸ್ ಪಕ್ಷವು ದೂರು ಕೊಟ್ಟಿತು. ಅದನ್ನು ತೆಗೆಯಬೇಕೆಂದು ರಾಜ್ಯದ ಮುಖ್ಯ ಚುನಾವಣಾಧಿಕಾರಿಗಳು ಎಕ್ಸ್ ಸಂಸ್ಥೆಗೆ ಮೇ 5 ರಂದು ಬರೆದರು. ಆದರೂ ಅದು ಅಲ್ಲಿಯೇ ಉಳಿದಿತ್ತು. ಕೂಡಲೆ ತೆಗೆಯಿರೆಂದು ಆಯೋಗವೇ ಆಜ್ಞಾಪಿಸಿದ್ದು ಮೇ 7 ರಂದು. ಅಂದರೆ ನಮ್ಮ ಜನರು ಮತಗಟ್ಟೆಯ ಮುಂದೆ ಸಾಲುಗಟ್ಟಿ ನಿಂತ ದಿನವೇ! ಮಳೆ ಹೋದ ಮೇಲೆ ಕೊಡೆ ಬಿಚ್ಚಿದಂತಾಯಿತಲ್ಲವೇ?

ಹಾಗೆಂದು, ತೆಗೆದುಹಾಕಿದಷ್ಟೂ ಒಳಿತೆಂದು ತಿಳಿಯಲಾಗದು. ಅದೇ ವರುಷದ ಏಪ್ರಿಲದಲ್ಲಿ ಆಯೋಗದ ಆಜ್ಞೆಯಂತೆ ಎಕ್ಸ್ ಸಂಸ್ಥೆಯು ವೈ.ಎಸ್.ಆರ್. ಕಾಂಗ್ರೆಸ್, ಆಮ್ ಆದ್ಮಿ ಪಕ್ಷ, ಶ್ರೀ ಚಂದ್ರಬಾಬು ನಾಯ್ಡು, ಶ್ರೀ ಸಾಮ್ರಾಟ್ ಚೌಧರಿ ಇವರ ಕೆಲವು ಬರಹಗಳನ್ನು ತಡೆಹಿಡಿಯಿತು. ಆದರೆ ಇದು ತನಗೆ ಸಮ್ಮತವಲ್ಲ, ರಾಜಕೀಯ ಮಾತಿಗೆ ಸ್ವಾತಂತ್ರ್ಯವಿರಬೇಕೆಂದು ಬಹಿರಂಗವಾಗಿ ಹೇಳಿತು. ಅಮೆರಿಕದ ಫ್ಲಾರಿಡಾ ಸಂಸ್ಥಾನವಂತೂ ಬೇರೊಂದು ದಾರಿ ಹಿಡಿಯಿತು. ಉಮೇದುವಾರನನ್ನು ಜಾಲತಾಣದಿಂದ ಹೊರಹಾಕಕೂಡದು, ಸಂಸ್ಥಾನಮಟ್ಟದ ಉಮೇದುವಾರನನ್ನು ಹೊರಹಾಕಿದರೆ ದಿನಕ್ಕೆ 2,50,000 ಡಾಲರ್ ದಂಡವೆಂದು 2021 ರಲ್ಲಿ ಕಾಯಿದೆ ಮಾಡಿತು. ಕಂಪನಿಗಳು ನ್ಯಾಯಾಲಯಕ್ಕೆ ಹೋದವು. ಬರಹಗಳನ್ನು ಆಯ್ದು ಜೋಡಿಸುವದೂ ಪತ್ರಿಕಾ ಸಂಪಾದಕನ ಕೆಲಸದಂತೆ ವಾಕ್‌ಸ್ವಾತಂತ್ರ್ಯದಲ್ಲಿ ಸೇರಬಹುದೆಂದು ತೋರಿಸಿ, 2024 ರ ಜುಲೈ 1 ರಂದು ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ವ್ಯಾಜ್ಯವನ್ನು ಮರುವಿಚಾರಕ್ಕಾಗಿ ಕೆಳಗಿನ ನ್ಯಾಯಾಲಯಕ್ಕೆ ಹಿಂದಿರುಗಿಸಿತು.

ನಮ್ಮ ಅಭಿಪ್ರಾಯದಲ್ಲಿ ಬಾಯಿ ಮುಚ್ಚಿಸುವ ನಿಯಮಕ್ಕಿಂತ ಹೆಸರು ಹೇಳಿಸುವ ನಿಯಮವೇ ಲೇಸು. ಹಸ್ತಪತ್ರಿಕೆಗೆ ಇರುವ ಕಟ್ಟಳೆಯು ಅಂಗೈಯೊಳಗಿನ ಡಂಗುರಕ್ಕೂ ಬರಲಿ: ಆಡಿಸಿದವರಾರು, ಹಣ ತೆತ್ತವರಾರು ಎಂಬದು ಪ್ರತಿಯೊಂದು ಪ್ರಚಾರದಲ್ಲಿಯೂ ಕಾಣಲಿ. ಎರಡನೆಯದಾಗಿ, ದೊಡ್ಡ ಪಕ್ಷದ ನಾಯಕನಿಗೂ ಗದಗು-ಬೆಟಗೇರಿ ನಗರಸಭೆಯ ಒಂದು ವಾರ್ಡಿಗೆ ಸ್ವತಂತ್ರನಾಗಿ ನಿಂತ ಬಡ ಉಮೇದುವಾರನಿಗೂ ಅಳತೆಗೋಲು ಒಂದೇ ಇರಲಿ. ಮೂರನೆಯದಾಗಿ, ಬರಹವನ್ನು ತೆಗೆದರೆ ಕಾರಣವನ್ನು ಬರೆದು ತಿಳಿಸಲಿ; ಅವನ ಅಹವಾಲನ್ನು ಮತದಾನಕ್ಕೆ ಮುನ್ನವೇ ಕೇಳಲಿ. ಚುನಾವಣೆ ಮುಗಿದ ಮೇಲೆ ಸಿಕ್ಕ ನ್ಯಾಯದಿಂದ ಸೋತವನಿಗೇನು ಫಲ?

ಕಾಯಿದೆಯು ಬರುವವರೆಗೆ ಗೃಹಸ್ಥರು ಮಾಡತಕ್ಕ ಕೆಲಸವೊಂದುಂಟು. ವಾಟ್ಸಾಪಿನಲ್ಲಿ ಉಮೇದುವಾರನ ಕುರಿತು ಏನಾದರೂ ಬಂದರೆ, ಅದನ್ನು ಬೀಗರಿಗೂ ನೆರೆಯವರಿಗೂ ಕಳಿಸುವ ಮುನ್ನ ಅದರ ಅಡಿಯಲ್ಲಿ ಹೆಸರುಂಟೇ ಎಂದು ನೋಡಿರಿ. ಹೆಸರಿಲ್ಲದ ಪತ್ರವನ್ನು ನಮ್ಮ ಹಿರಿಯರು ಒಲೆಗೆ ಹಾಕುತ್ತಿದ್ದರು. ಮತವು ನಮ್ಮದು, ಅದನ್ನು ಹೆಸರಿಲ್ಲದವನ ಮಾತಿಗೆ ಒಪ್ಪಿಸಬಾರದು.