ಹೊಸಿಲು ದಾಟದ ಪುಟ್ಟ ನಾಯಿ

ಆಷಾಢದ ಜಡಿಮಳೆ. ಬೆಳಿಗ್ಗೆ ಬಾಗಿಲು ತೆರೆದು ಕರೆದರೆ ಮನೆಯ ಪುಟ್ಟ ನಾಯಿ ಹೊಸಿಲವರೆಗೆ ಬರುತ್ತದೆ, ಮೂಗು ಹೊರಚಾಚುತ್ತದೆ, ಹಾಗೆಯೇ ಹಿಂದಿರುಗಿ ಮಂಚದಡಿ ಸೇರುತ್ತದೆ. ಸ್ವಲ್ಪ ಹೊತ್ತಿಗೆ ನಡುಮನೆಯ ಮೂಲೆ ಒದ್ದೆ! ನಿಮ್ಮ ಮನೆಯಲ್ಲೂ ಹೀಗಾಗಿದೆಯೇ? ಹಟಮಾರಿ ಎಂದು ಗದರುವ ಮೊದಲು ಅದರ ಕಡೆಯ ಕಾರಣಗಳನ್ನು ನೋಡೋಣ.

ಮೊದಲು ಒಂದು ಲೆಕ್ಕ. 1 ಸೆಂ.ಮೀ. ಬದಿಯ ಘನದ ಗಾತ್ರ 1 ಘನ ಸೆಂ.ಮೀ., ಮೇಲ್ಮೈ 6 ಚದರ ಸೆಂ.ಮೀ. ಬದಿ 2 ಸೆಂ.ಮೀ. ಆದರೆ ಗಾತ್ರ 8, ಮೇಲ್ಮೈ 24. ಅಂದರೆ ಗಾತ್ರಕ್ಕೆ ಹೋಲಿಸಿದಾಗ ಚಿಕ್ಕ ಘನದ ಮೇಲ್ಮೈ ಎರಡರಷ್ಟು. ದೇಹದ ಶಾಖ ಬಹುಪಾಲು ಹೊರಹೋಗುವುದು ಮೇಲ್ಮೈಯಿಂದಲೇ. ಲೋಟದ ಬಿಸಿನೀರು ಹಂಡೆಯ ನೀರಿಗಿಂತ ಬೇಗ ಆರುವುದು ಈ ಕಾರಣಕ್ಕೆ. ನಾಲ್ಕು ಕಿಲೋ ತೂಗುವ ಪೊಮೆರೇನಿಯನ್ ಲೋಟವಿದ್ದಂತೆ. ಮೂವತ್ತು ಕಿಲೋ ತೂಗುವ ಆಲ್ಸೇಷಿಯನ್ ಹಂಡೆಯಿದ್ದಂತೆ.

ಒಣಗಿದ ರೋಮದ ನಡುವೆ ಸಿಕ್ಕ ಗಾಳಿ ನಾಯಿಗೆ ಕಂಬಳಿಯಾಗುತ್ತದೆ. ಮಳೆ ಬಿದ್ದರೆ ಗಾಳಿಯ ಜಾಗಕ್ಕೆ ನೀರು ಬರುತ್ತದೆ. ನೀರು ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ಚೆನ್ನಾಗಿ ಶಾಖವನ್ನು ಸಾಗಿಸುತ್ತದೆ. ಕಂಬಳಿ ಹೋಯಿತು, ಚಳಿ ಬಂತು.

ಒಮ್ಮೆ ಚಿತ್ರೀಕರಣಕ್ಕೆಂದು ಕ್ಯಾಮೆರಾವನ್ನು ನೆಲದಿಂದ ಒಂದು ಗೇಣು ಎತ್ತರದಲ್ಲಿಟ್ಟೆವು. ಅಂಗಳದ ಹೊಂಡ ಕೆರೆಯಂತೆ ಕಂಡಿತು! ನಿಮ್ಮ ಪಾದ ಮಾತ್ರ ಮುಳುಗುವ ನೀರು ಅದರ ಹೊಟ್ಟೆಯನ್ನು ತಣ್ಣಗೆ ಮುಟ್ಟುತ್ತದೆ.

ಇಷ್ಟೆಲ್ಲ ಓದಿದ್ದ ನಾನೇ ಒಂದು ತಪ್ಪು ಮಾಡಿದೆ. ಕಚೇರಿಗೆ ಹೊತ್ತಾಯಿತೆಂದು ನಮ್ಮ ಚಿನ್ನಿಯನ್ನು ಸರಪಳಿ ಹಿಡಿದು ಮಳೆಗೆ ಎಳೆದೆ. ಮರುದಿನದಿಂದ ಬಿಸಿಲಿದ್ದರೂ ಸರಿಯೇ, ಸರಪಳಿಯ ಸದ್ದು ಕೇಳಿದರೆ ಅವಳು ಅಡಗಿಕೊಳ್ಳತೊಡಗಿದಳು. ರಷ್ಯದ ವಿಜ್ಞಾನಿ ಪಾವ್ಲೋವ್ ತೋರಿಸಿಕೊಟ್ಟದ್ದು ಇದನ್ನೇ: ಒಂದು ಸದ್ದು, ಅದರ ಬೆನ್ನಿಗೇ ಒಂದು ಅನುಭವ, ಇವೆರಡು ಜೊತೆಯಾಗಿ ಬರುತ್ತಿದ್ದರೆ ನಾಯಿಯ ಮನಸ್ಸಿನಲ್ಲಿ ಗಂಟು ಬೀಳುತ್ತದೆ. ಭಯದ ಗಂಟು ಬೀಳುವಂತೆ ಸಂತೋಷದ ಗಂಟೂ ಬೀಳಬಲ್ಲದು.

ಅದನ್ನು ನೀವು ಹೀಗೆ ಹಾಕಿ. ಸೂರಿನಡಿ ಒಂದು ಒಣಜಾಗ ಗೊತ್ತುಮಾಡಿ. ಅದು ಎಂದಿನಂತೆ ಮೂತ್ರ ಮಾಡುವ ಕಡೆಯ ಒಂದಿಷ್ಟು ಹುಲ್ಲು, ಮಣ್ಣು ತಂದು ಅಲ್ಲಿ ಹಾಕಿ. ಗೊತ್ತಿರುವ ವಾಸನೆ ಅದನ್ನು ಕರೆಯುತ್ತದೆ. ಕೊಡೆಯನ್ನು ಮೊದಲು ಮನೆಯೊಳಗೇ ಬಿಚ್ಚಿ ತೋರಿಸಿ, ಹೆದರಿಕೆ ಹೋಗಲಿ. ಮಳೆ ಸಣ್ಣಗಾದಾಗ ನೀವೇ ಮೊದಲು ಹೊರಗೆ ಕಾಲಿಡಿ; ಎಳೆಯಬೇಡಿ, ಕರೆಯಿರಿ. ಕೆಲಸ ಮುಗಿಸಿದ ಕೂಡಲೇ ಅಲ್ಲಿಯೇ ಒಂದು ಚೂರು ತಿನಿಸು ಕೊಟ್ಟು ಬೆನ್ನು ತಟ್ಟಿ. ಒಳಗೆ ಬಂದ ಮೇಲೆ ಕೊಟ್ಟರೆ ಒಳಗೆ ಬಂದುದಕ್ಕೆ ಬಹುಮಾನವಾದೀತು! ಮನೆಯೊಳಗೆ ತಪ್ಪಾದರೆ ಹೊಡೆಯಬೇಡಿ. ಅದು ಕಲಿಯುವುದು ನಿಮಗೆ ಹೆದರುವುದನ್ನು ಮಾತ್ರ.

ಎರಡು ಎಚ್ಚರಿಕೆಗಳು. ಪದೇ ಪದೇ ಗಂಟೆಗಟ್ಟಲೆ ಮೂತ್ರ ತಡೆದುಕೊಳ್ಳುವುದು ನಾಯಿಯ ಆರೋಗ್ಯಕ್ಕೆ ಒಳ್ಳೆಯದಲ್ಲ. ಮುಕ್ಕಿದರೂ ಮೂತ್ರ ಬರದಿದ್ದರೆ, ರಕ್ತ ಕಂಡರೆ ಅದು ಹಟವಲ್ಲ, ಕಾಯಿಲೆ. ತಡಮಾಡದೆ ಪಶುವೈದ್ಯರ ಬಳಿಗೆ ಒಯ್ಯಿರಿ. ಎರಡನೆಯದು ಇಲಿಜ್ವರ. ಇಲಿಯ ಮೂತ್ರದಿಂದ ನಿಂತ ನೀರಿಗೆ ಸೇರುವ ಇದರ ರೋಗಾಣು ನಾಯಿಗೂ ಮನುಷ್ಯರಿಗೂ ತಗಲುತ್ತದೆ. ನಾಯಿಗೆ ಲಸಿಕೆ ಇದೆ, ಹಾಕಿಸಿ. ಹೊಂಡದ ನೀರು ಕುಡಿಯಲು ಬಿಡಬೇಡಿ. ಮರಳಿದ ಮೇಲೆ ಅದರ ಪಾದ, ಹೊಟ್ಟೆ ತೊಳೆದು ಚೆನ್ನಾಗಿ ಒರಸಿ. ನಿಮ್ಮ ಕೈಗಳನ್ನೂ ಸೋಪಿನಿಂದ ತೊಳೆದುಕೊಳ್ಳಿ.

ಚಿನ್ನಿ ಮತ್ತೆ ಹೊಸಿಲು ದಾಟಲು ಮೂರು ವಾರ ಹಿಡಿಯಿತು. ನಾನು ಅವಳನ್ನು ಎಳೆದದ್ದು ಒಂದೇ ನಿಮಿಷ. ಮುಂದಿನ ಮಳೆಗೆ ನಿಮ್ಮ ನಾಯಿ ಬಾಗಿಲಲ್ಲಿ ನಿಂತು ನಿಮ್ಮ ಮುಖ ನೋಡಿದಾಗ ಈ ಲೆಕ್ಕವನ್ನೂ ನೆನಪಿಸಿಕೊಳ್ಳಿ.