ಹೊಲಕ್ಕೊಂದು ಪಹಣಿ, ಡಿಸ್ಕಿಗೊಂದು ಪಟ್ಟಿ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ರೈತನಿಗೆ ಬೆಳೆಸಾಲ ಬೇಕೆಂದರೆ ಮೊದಲು ಪಹಣಿ ಬೇಕು. ‘ಭೂಮಿ’ ಯೋಜನೆಯಲ್ಲಿ, 2001ರ ಹೊತ್ತಿಗೆ, ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು. ಕೈಬರಹದ ಪಹಣಿಗೆ ಬೆಲೆ ಹೋಯಿತು. ಹೀಗಿರುವಾಗ ಸರ್ವರ್ ಏಳದಿದ್ದರೆ ರೈತ ಬರಿಗೈಲಿ ಊರ ಬಸ್ಸು ಹತ್ತಬೇಕು.

ಸರ್ವರ್ ಏಳುವುದಾದರೂ ಹೇಗೆ? ಡಿಸ್ಕಿನ ಮೊದಲ 512 ಬೈಟ್‌ಗಳಲ್ಲಿ ಏಳಿಸುವ ಪುಟ್ಟ ಪ್ರೋಗ್ರಾಂ ಹಾಗೂ ಹಿಸ್ಸೆಗಳ ಪಟ್ಟಿ ಇರುತ್ತದೆ. 1983ರ ಈ ಎಂಬಿಆರ್ ಪದ್ಧತಿಯಲ್ಲಿ ಪಟ್ಟಿಗೆ ನಾಲ್ಕೇ ಸಾಲು. ಹಿಸ್ಸೆ ಎಲ್ಲಿ ಶುರು, ಎಷ್ಟು ಉದ್ದ ಎಂಬುದನ್ನು 32 ಬಿಟ್‌ಗಳಲ್ಲೇ ಬರೆಯಬೇಕು. ಅಷ್ಟರಲ್ಲಿ ಎಣಿಸಬಹುದಾದದ್ದು ಸುಮಾರು 429 ಕೋಟಿ ತುಂಡು. ತುಂಡಿಗೆ 512 ಬೈಟ್‌ನಂತೆ 2.2 ಟೆರಾಬೈಟ್‌ಗೆ ಬೇಲಿ. 10 ಮೆಗಾಬೈಟ್ ಡಿಸ್ಕೇ ದೊಡ್ಡದೆನಿಸಿದ್ದ ಕಾಲದಲ್ಲಿ ಇದು ಕೊರತೆ ಎನಿಸಲಿಲ್ಲ.

ಹಲವು ಡಿಸ್ಕುಗಳನ್ನು ಜೋಡಿಸಿ ಒಂದೇ ಎಂದು ತೋರಿಸುವ ಸರ್ವರುಗಳು ಈ ಬೇಲಿಯನ್ನು ಬೇಗನೆ ಮುಟ್ಟಿದವು. ಆಚೆಗಿನ ಜಾಗ ಸರ್ವೆಯಾಗದ ಹೊಲದಂತೆ ಬೀಳು. ಜಿಪಿಟಿ ಎಂಬ ಹೊಸ ಪಟ್ಟಿ 64 ಬಿಟ್‌ನದು. ಸಾಮಾನ್ಯವಾಗಿ 128 ಹಿಸ್ಸೆಗೆ ಅವಕಾಶವುಂಟು. ಪಟ್ಟಿಯ ನಕಲೊಂದು ಡಿಸ್ಕಿನ ಕೊನೆಯಲ್ಲೂ ಇರುತ್ತದೆ. ತಹಸೀಲ್ದಾರರೂ ಮೆಚ್ಚುವ ಮುಂಜಾಗ್ರತೆ! ಆದರೆ ಅದರಿಂದ ವಿಂಡೋಸ್ ಏಳಬೇಕಾದರೆ ಹಳೆಯ ಬಯೋಸ್ ಸಾಲದು, ಯುಇಎಫ್‌ಐ ಬೇಕು.

ಹಳೆಯ ಯಂತ್ರವನ್ನೇ ದುಡಿಸಬೇಕಾದ ಕಡೆ ಉಪಾಯವೊಂದಿದೆ. ರೇಡ್ ನಿಯಂತ್ರಕದಲ್ಲೇ ಚಿಕ್ಕ ಭಾಗವೊಂದನ್ನು ಬೇರ್ಪಡಿಸಿ, ಎಂಬಿಆರ್ ಇಟ್ಟು ಅಲ್ಲಿಂದ ಏಳಿಸುವುದು; ಉಳಿದದ್ದನ್ನು ಜಿಪಿಟಿ ಮಾಡಿ ದಾಖಲೆಗಳಿಗೆ ಬಿಡುವುದು. ಡಿಸ್ಕು ಖಾಲಿ ಇರುವಾಗಲೇ ಈ ಕೆಲಸ ಸುಲಭ. ತುಂಬಿದ ಮೇಲಾದರೆ ಮೊದಲು ಎಲ್ಲವನ್ನೂ ಬೇರೆಡೆ ನಕಲಿಸಿಡಬೇಕು.