ಮುಖಕ್ಕೆ ಅಂಟಿಕೊಂಡ 1.618

2022ರಲ್ಲಿ ಲಂಡನ್ನಿನ ಪ್ಲಾಸ್ಟಿಕ್ ಸರ್ಜನ್ ಜೂಲಿಯನ್ ಡಿ ಸಿಲ್ವಾ ನಮ್ಮ ಬೆಂಗಳೂರಲ್ಲಿ ಬೆಳೆದ ದೀಪಿಕಾ ಪಡುಕೋಣೆಗೆ ಶೇ 91.22 ಅಂಕ ಕೊಟ್ಟರು. ಪರೀಕ್ಷೆ ಮುಖದ್ದು, ಮಾನದಂಡ 1.618 ಎಂಬ ಸುವರ್ಣ ಅನುಪಾತ. ಎರಡು ದಶಮಾಂಶದವರೆಗೆ ಚೆಲುವು! ಇಂಥ ಸುದ್ದಿಗಳ ಬಾಲಕ್ಕೆ ಒಂದು ಮಾತು ಇದ್ದೇ ಇರುತ್ತದೆ: ಪ್ರಾಚೀನ ಗ್ರೀಕರೂ ಹೀಗೇ ಅಳೆಯುತ್ತಿದ್ದರಂತೆ.

ಗ್ರೀಕ್ ಗಣಿತಜ್ಞ ಯೂಕ್ಲಿಡ್ ಅಂತೂ ಅಳೆಯಲಿಲ್ಲ. ಕ್ರಿ.ಪೂ. 300ರ ಸುಮಾರಿಗೆ ಆತ ಹೇಳಿದ್ದು ಒಂದು ಗೆರೆಯ ವಿಷಯ. ಇಡೀ ಗೆರೆಗೂ ಅದರ ದೊಡ್ಡ ತುಂಡಿಗೂ ಇರುವ ಅನುಪಾತವೇ ದೊಡ್ಡದಕ್ಕೂ ಚಿಕ್ಕದಕ್ಕೂ ಇರಬೇಕು; ಆಗ ಅದು 1.618 ಆಗುತ್ತದೆ, ಅಷ್ಟೆ. ಮೂಗು, ಗಲ್ಲದ ಸೊಲ್ಲೇ ಇಲ್ಲ.

ಸ್ವಾರಸ್ಯ ಇರುವುದು ಲೂಕಾ ಪಚೋಲಿಯಲ್ಲಿ. ಫ್ರಾನ್ಸಿಸ್ಕನ್ ಸನ್ಯಾಸಿ, ವೆನಿಸ್ ವ್ಯಾಪಾರಿಗಳ ಜಮಾ-ಖರ್ಚಿನ ಪದ್ಧತಿಯನ್ನು 1494ರಲ್ಲೇ ಅಚ್ಚಿಗೆ ತಂದ ಲೆಕ್ಕಿಗ. 1509ರಲ್ಲಿ ವೆನಿಸ್‌ನಲ್ಲಿ ಅಚ್ಚಾದ ಅವನ ಇನ್ನೊಂದು ಪುಸ್ತಕ ಇದೇ ಅನುಪಾತವನ್ನು ಕುರಿತದ್ದು, ಹೆಸರೇ 'ದಿವ್ಯ ಅನುಪಾತ'. ಅದರ ಘನಾಕೃತಿಗಳನ್ನು ಬರೆದುಕೊಟ್ಟವನು ಸಾಕ್ಷಾತ್ ಲಿಯೊನಾರ್ಡೊ ಡ ವಿಂಚಿ. ದಂತಕಥೆಗೆ ಇನ್ನೇನು ಬೇಕು? ಆದರೆ ಮನುಷ್ಯನ ಅಳತೆಗೆ ಬಂದಾಗ ಪಚೋಲಿ ದಿವ್ಯವನ್ನು ಬದಿಗಿಟ್ಟು ರೋಮಿನ ವಾಸ್ತುಶಿಲ್ಪಿ ವಿಟ್ರೂವಿಯಸ್‌ನ ಸರಳ ಭಿನ್ನರಾಶಿಗಳನ್ನು ಹಿಡಿಯುತ್ತಾನೆ. ವಿಟ್ರೂವಿಯಸ್‌ಗೆ ಮುಖವೆಂದರೆ ಮೂರು ಸಮಪಾಲು: ಗಲ್ಲದಿಂದ ಮೂಗಿನ ಬುಡ, ಅಲ್ಲಿಂದ ಹುಬ್ಬು, ಹುಬ್ಬಿನಿಂದ ಕೂದಲಂಚು. ದಾರ ಹಿಡಿದು ಅಳೆಯಬಹುದಾದ ಲೆಕ್ಕ. ಮುಖದುದ್ದವನ್ನೇ ಮಾನವಾಗಿಟ್ಟುಕೊಂಡ ನಮ್ಮ ಶಿಲ್ಪಿಗಳ ತಾಲಮಾನವೂ ಇದೇ ಜಾತಿಯದು. ಈ ಕೈಯಳತೆಯ ವಿವೇಕ ಮರೆತು ದಶಮಾಂಶಕ್ಕೆ ಮಾರುಹೋದೆವಲ್ಲ ಎಂಬುದು ನನ್ನ ಸಿಟ್ಟು.

ಯೂಕ್ಲಿಡನ ಗೆರೆಯನ್ನು ಮೈಗೆ ಹತ್ತಿಸಿದವನು ಜರ್ಮನಿಯ ಆಡಾಲ್ಫ್ ಜೈಸಿಂಗ್. ಹೊಕ್ಕುಳು ದೇಹವನ್ನು ಸುವರ್ಣ ಅನುಪಾತದಲ್ಲಿ ಸೀಳುತ್ತದೆ ಎಂದು 1854ರಲ್ಲಿ ದಪ್ಪ ಗ್ರಂಥವನ್ನೇ ಬರೆದ. ಗಿಡದಲ್ಲಿ, ಗುಡಿಯಲ್ಲಿ, ಎಲ್ಲೆಲ್ಲೂ ಅದನ್ನೇ ಕಂಡ. ಹುಡುಕಲೇಬೇಕೆಂದು ಹೊರಟವನಿಗೆ ಸಿಗದಿರುತ್ತದೆಯೇ? 1876ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಮನೋವಿಜ್ಞಾನಿ ಗುಸ್ಟಾವ್ ಫೆಕ್ನರ್ ಜನರ ಮುಂದೆ ಹತ್ತು ಆಯತಗಳನ್ನಿಟ್ಟ. ಮೂರರಲ್ಲೊಂದು ಪಾಲು ಮಂದಿ ಸುವರ್ಣ ಆಯತವನ್ನು ಮೆಚ್ಚಿದರು. ಆಯತವನ್ನು, ಮುಖವನ್ನಲ್ಲ.

ಮುಂದಿನದು ಕ್ಯಾಲಿಫೋರ್ನಿಯಾದ ಶಸ್ತ್ರಚಿಕಿತ್ಸಕ ಸ್ಟೀಫನ್ ಮಾರ್ಕ್ವಾರ್ಟ್‌ನ 'ಫೈ ಮುಖವಾಡ'; ಫೈ ಎಂದರೆ 1.618, ಅದರ ಲೆಕ್ಕದಲ್ಲಿ ಗೆರೆ ಎಳೆದ ಮುಖದ ಅಚ್ಚು. 2001ರ ಬಿಬಿಸಿ ಸರಣಿಯಿಂದ ಅದು ಮನೆಮಾತಾಯಿತು. ಅದು ಹೊಂದುವುದು ಗಡಸು ಚಹರೆಯ ಬಿಳಿಯ ರೂಪದರ್ಶಿಯರಿಗೆ. ಆಫ್ರಿಕಾದ, ಪೂರ್ವ ಏಷ್ಯಾದ ಹೆಣ್ಣುಮಕ್ಕಳಿಗೆ ಹೊಂದದು ಎಂಬ ವಿಮರ್ಶೆ 2008ರಲ್ಲೇ ಸರ್ಜನ್‌ಗಳ ನಿಯತಕಾಲಿಕದಲ್ಲಿ ಬಂತು. 2010ರಲ್ಲಿ ಅಮೆರಿಕ, ಕೆನಡಾದ ಸಂಶೋಧಕರು ಬಿಳಿಯ ಮಹಿಳೆಯರ ಚಿತ್ರ ತೋರಿಸಿ ಕೇಳಿದಾಗ, ಕಣ್ಣು-ಬಾಯಿಯ ಅಂತರ ಮುಖದುದ್ದದ ಶೇ 36, ಕಣ್ಣುಗಳ ನಡುವಿನದು ಅಗಲದ ಶೇ 46 ಇದ್ದರೆ ಜನ ಹೆಚ್ಚು ಮೆಚ್ಚಿದರು. ಅದು ಅದೇ ಗುಂಪಿನ ಮುಖಗಳ ಸರಾಸರಿ ಅಳತೆ.